ವರ್ಗಾವಣೆ ಮೇಡಂ ಗಂಡನಿಗೆ ವರ್ಗವೇ ಆಗಲಿಲ್ಲ

ವಿಶ್ವವಿದ್ಯಾಲಯದಲ್ಲಿ ಅವರನ್ನು ಎಲ್ಲರೂ ವರ್ಗಾವಣೆ ಮೇಡಂ ಎಂದೇ ಕರೆಯುತ್ತಿದ್ದರು. ಹಾಗಂತ ಅವರಿಗೆ ಯಾವತ್ತೂ ವರ್ಗಾವಣೆ ಆದದ್ದಿಲ್ಲ. ಸಾರ್ವಜನಿಕ ಆಡಳಿತ ವಿಭಾಗದ ಮೂಲೆಯ ಕೋಣೆಗೆ ಕೆಲಸಕ್ಕೆ ಸೇರಿದ ದಿನ ಹೊಕ್ಕವರು ತಲೆ ನರೆತರೂ ಅಲ್ಲೇ ಇದ್ದರು. ಅವರು ಅಧ್ಯಯನ ಮಾಡುತ್ತಿದ್ದುದು ಬೇರೆಯವರ ವರ್ಗಾವಣೆಯನ್ನು. ಸರ್ಕಾರಿ ಅಧಿಕಾರಿಗಳನ್ನು ಯಾರು ಎತ್ತಂಗಡಿ ಮಾಡಿಸುತ್ತಾರೆ, ಯಾತಕ್ಕೆ ಮಾಡಿಸುತ್ತಾರೆ, ಎಲ್ಲಿಗೆ ಎಸೆಯುತ್ತಾರೆ, ಎಸೆಸಿಕೊಂಡವರು ಯಾರ ಮನೆ ಬಾಗಿಲು ತಟ್ಟಿ ವಾಪಸ್ಸು ಬರುತ್ತಾರೆ ಎನ್ನುವುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಾದರೂ ಇದ್ದರೆ ಅವರು ವರ್ಗಾವಣೆ ಮಾಡಿಸಿಕೊಡುವ ದಲ್ಲಾಳಿಗಳು ಮಾತ್ರ. ಆದರೆ ದಲ್ಲಾಳಿಗಳಿಗೆ ಪ್ರಬಂಧ ಬರೆಯುವಷ್ಟು ಪುರುಸೊತ್ತಿರಲಿಲ್ಲ.

ಈ ಗೀಳು ಹತ್ತಿದ್ದು ಒಂದು ಮಾತಿನ ದೆಸೆಯಿಂದ. ಪ್ರತಿಯೊಂದು ವರ್ಗಾವಣೆ ಆದೇಶದಲ್ಲೂ ‘ಆಡಳಿತಾತ್ಮಕ ಹಿತದೃಷ್ಟಿಯಿಂದ’ ಎಂಬ ಮಾತು ಇದ್ದೇ ಇರುತ್ತಿತ್ತು. ಆಡಳಿತದ ಹಿತಕ್ಕಾಗಿಯೇ ಒಬ್ಬ ಸೇತುವೆ ಎಂಜಿನಿಯರನ್ನು ಮೃಗಾಲಯದ ಟಿಕೆಟ್ ವಿಭಾಗಕ್ಕೆ ಕಳಿಸಿದ್ದರು. ಔಷಧ ತಪಾಸಣೆಯ ಅಧಿಕಾರಿಯೊಬ್ಬರನ್ನು ಅದೇ ಹಿತಕ್ಕಾಗಿ ಪ್ರತಿಮೆಗಳ ನಿರ್ವಹಣೆಗೆ ಹಾಕಿದ್ದರು. ಔಷಧಿಯಿಂದ ಗುಣವಾಗಬಹುದಾದವರು ಪ್ರತಿಮೆಗಳಲ್ಲಿ ಯಾರೂ ಇರಲಿಲ್ಲ. ಇಷ್ಟೊಂದು ಹಿತ ಬಯಸಿದರೂ ಆಡಳಿತ ಯಾಕೆ ಹೀಗೆ ಸೊರಗಿದೆ ಎಂದು ಮೇಡಂ ತಲೆ ಕೆಡಿಸಿಕೊಂಡರು.

ಸಂಶೋಧನೆಗೆ ಅಧಿಕಾರಿಗಳನ್ನು ಮಾತಾಡಿಸಬೇಕಿತ್ತು. ಕೆಲಸದಲ್ಲಿದ್ದವರು ಬಾಯಿ ಬಿಡುತ್ತಿರಲಿಲ್ಲ. ನಿವೃತ್ತರಾದವರು ಬಾಯಿ ಮುಚ್ಚುತ್ತಿರಲಿಲ್ಲ. ಒಬ್ಬ ನಿವೃತ್ತ ಕಾರ್ಯದರ್ಶಿಯವರ ಮನೆಗೆ ಬೆಳಿಗ್ಗೆ ಹೋಗಿ ಕೂತ ಮೇಡಂ ಸಂಜೆ ಎದ್ದು ಬಂದರು. ಅಷ್ಟು ಹೊತ್ತಿಗೆ ಕಾರ್ಯದರ್ಶಿಗಳು ತಮ್ಮ ಮೊದಲ ಹುದ್ದೆಯ ಮೊದಲ ವರ್ಷ ಮುಗಿಸಿದ್ದರು. ಹೀಗೆ ವರ್ಷಗಟ್ಟಲೆ ಕಿವಿ ಕೊಟ್ಟು, ಆದೇಶಗಳನ್ನು ಗುಡ್ಡೆ ಹಾಕಿಕೊಂಡು, ಕೊನೆಗೆ ಅವರೊಂದು ತೀರ್ಮಾನಕ್ಕೆ ಬಂದರು. ‘ಆಗುವುದಿಲ್ಲ’ ಎಂದು ಹೇಳಿದ ಅಧಿಕಾರಿ ಬಹಳ ದಿನ ಒಂದು ಕುರ್ಚಿಯಲ್ಲಿ ಕೂರುವುದಿಲ್ಲ. ಬಹಳ ದಿನ ಒಂದೇ ಕುರ್ಚಿಯಲ್ಲಿ ಕೂತವನು, ಬೇರೆ ಕಾರಣಗಳು ಇಲ್ಲದೇ ಹೋದರೆ, ‘ಆಗುವುದಿಲ್ಲ’ ಎಂದು ಹೇಳಿರುವುದಿಲ್ಲ.

ಈ ತೀರ್ಮಾನಕ್ಕೆ ಒಂದು ಸಣ್ಣ ತೊಡಕಿತ್ತು. ಆ ತೊಡಕು ದಿನಾ ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಚಹಾ ಕೇಳುತ್ತಿತ್ತು.

ಮೇಡಂ ಅವರ ಯಜಮಾನರು ಕಟ್ಟಡ ಇಲಾಖೆಯಲ್ಲಿ ನಕ್ಷೆ ಮಂಜೂರು ಮಾಡುವ ಉಪನಿರ್ದೇಶಕರು. ಊರಿನಲ್ಲಿ ಯಾರು ಎಷ್ಟು ಮಹಡಿ ಎಬ್ಬಿಸಬಹುದು, ಎಲ್ಲಿ ಮೆಟ್ಟಿಲಿಡಬೇಕು, ಎಷ್ಟು ಜಾಗ ಬಿಡಬೇಕು ಎಂದು ಹೇಳುವ ಕುರ್ಚಿ ಅದು. ಅಂಥ ಕುರ್ಚಿಗೆ ಕಣ್ಣು ಹಾಕದವರೇ ಇಲ್ಲ. ಮಗಳನ್ನು ಶಿಶುವಿಹಾರಕ್ಕೆ ಸೇರಿಸಿದ ವರ್ಷ ಯಜಮಾನರು ಅದರಲ್ಲಿ ಕೂತರು. ಮಗಳು ಕಾಲೇಜಿಗೆ ಬಂದರೂ ಎದ್ದಿರಲಿಲ್ಲ. ಕುರ್ಚಿಯ ಮೆತ್ತೆ ಬದಲಾಯಿತು, ಇಲಾಖೆಯ ಮಂತ್ರಿಗಳು ಬದಲಾದರು, ಸರ್ಕಾರವೇ ಬದಲಾಯಿತು. ಯಜಮಾನರು ಮಾತ್ರ ಅಲುಗಲಿಲ್ಲ. ಹಾಗೆಂದು ಅವರು ಕಾಸು ಮುಟ್ಟಿದವರಲ್ಲ. ಮನೆಯ ಗೋಡೆಯ ಬಣ್ಣ ನೋಡಿದರೇ ಅದು ಗೊತ್ತಾಗುತ್ತಿತ್ತು.

ಈ ತೊಡಕನ್ನು ಮೇಡಂ ವಿದ್ವಾಂಸರು ಮಾಡುವಂತೆಯೇ ನಿವಾರಿಸಿದ್ದರು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಕಟ್ಟಡ ಇಲಾಖೆಯನ್ನು ಈ ಅಧ್ಯಯನದಿಂದ ಕೈಬಿಡಲಾಗಿದೆ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದರು.

ಪ್ರಬಂಧ ಮಂಡಿಸಿದ ದಿನ ಸಂಖ್ಯಾಶಾಸ್ತ್ರದ ಪ್ರೊಫೆಸರು ಆ ಸಣ್ಣ ಅಕ್ಷರವನ್ನೇ ಹಿಡಿದರು. ಸಣ್ಣ ಅಕ್ಷರ ಓದುವುದಕ್ಕೆಂದೇ ಹುಟ್ಟಿದ ಮನುಷ್ಯ ಆತ.

“ಮೇಡಂ, ಎಲ್ಲಾ ಇಲಾಖೆನೂ ತಗೊಂಡಿದೀರಾ. ಕಟ್ಟಡ ಇಲಾಖೆ ಒಂದು ಯಾಕೆ ಬಿಟ್ರಿ? ಅತಿ ಹೆಚ್ಚು ಒತ್ತಡ ಇರೋದೇ ಅಲ್ಲಿ.”

“ಮಾಹಿತಿ ಸಿಗೋದು ಕಷ್ಟ ಇತ್ತು,” ಅಂದರು ಮೇಡಂ.

“ಹೌದಾ? ನಿಮಗೆ ಕಷ್ಟ ಇತ್ತಾ?” ಎಂದು ಆತ ತುಂಬ ಕನಿಕರದಿಂದ ಕೇಳಿದರು. ಸಭೆ ಕಿಸಕ್ಕೆಂದಿತು.

ಅದು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಭೆಯ ಹಿಂದಿನ ಸಾಲಿನಲ್ಲಿ, ಊಟಕ್ಕೆ ಕಾಯುತ್ತ ಒಬ್ಬ ವರದಿಗಾರ ಕೂತಿದ್ದ. ಮೇಡಂ ತಮ್ಮ ವಾಕ್ಯಕ್ಕೆ ಕಟ್ಟಿದ್ದ ‘ಆದರೆ’, ‘ಬಹುಮಟ್ಟಿಗೆ’, ‘ಬೇರೆ ಕಾರಣಗಳು ಇಲ್ಲದೇ ಹೋದರೆ’ ಎಂಬ ಬೇಲಿಗಳನ್ನೆಲ್ಲ ಆತ ಒಂದೇ ನೆಗೆತಕ್ಕೆ ದಾಟಿದ. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: ‘ಒಂದೇ ಕುರ್ಚಿಗೆ ಅಂಟಿಕೊಂಡ ಅಧಿಕಾರಿ ಭ್ರಷ್ಟ: ಸಂಶೋಧನೆಯಿಂದ ಸಾಬೀತು.’ ಕೆಳಗೆ ಮೇಡಂ ಅವರ ನಗುಮುಖದ ಫೋಟೋ.

ಆ ಬೆಳಿಗ್ಗೆ ಪತ್ರಿಕೆಯನ್ನು ಮೊದಲು ಓದಿದವರು ಅತ್ತೆ. ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಓದಿದರು.

“ಏನಮ್ಮಾ, ಕಟ್ಕೊಂಡ ಗಂಡನ್ನೇ ಕಳ್ಳ ಅಂತ ಪೇಪರಿಗೆ ಹಾಕ್ಸಿದ್ಯಲ್ಲಾ! ಪಕ್ಕದ ಮನೆಯವರು ಏನಂದ್ಕೋಬೇಕು?”

“ಅತ್ತೆ, ಅದು ಅವರ ಬಗ್ಗೆ ಅಲ್ಲ. ಅವರ ಇಲಾಖೆನೇ ನಾನು ಸೇರಿಸಿಲ್ಲ.”

“ಯಾಕೆ ಸೇರಿಸ್ಲಿಲ್ಲ?” ಎಂದು ಅತ್ತೆ ಕೇಳಿದರು. ಪ್ರೊಫೆಸರು ಕೇಳಿದ ಪ್ರಶ್ನೆಯೇ.

ಮಗಳು ಬ್ರೆಡ್ಡು ಕಚ್ಚುತ್ತ, “ಅಪ್ಪಾ, ನೀವು ಅಂಟ್ಕೊಂಡಿದೀರಾ, ಕೂತಿದೀರಾ?” ಅಂದಳು.

ಯಜಮಾನರು ಪತ್ರಿಕೆಯನ್ನು ಕಡತ ಮಡಿಸುವಷ್ಟೇ ನೀಟಾಗಿ ಮಡಿಸಿಟ್ಟು ಕಚೇರಿಗೆ ಹೋದರು. ಅಲ್ಲಿ ಯಾರೋ ಪುಣ್ಯಾತ್ಮರು ಆ ಸುದ್ದಿಯನ್ನು ಕತ್ತರಿಸಿ, ಅವರ ಕುರ್ಚಿಯ ಬೆನ್ನಿಗೆ ಅಂಟಿಸಿಯಾಗಿತ್ತು.

ಆ ವಾರವೆಲ್ಲ ಮನೆಯಲ್ಲಿ ಮಾತು ತೂಕಕ್ಕೆ ಸಿಗುತ್ತಿತ್ತು. ಉಪ್ಪು ಕೊಡು, ಕೊಡೆ ಎಲ್ಲಿ, ಇಷ್ಟೇ. ಭಾನುವಾರ ಮಧ್ಯಾಹ್ನ ಅತ್ತೆ ಮಲಗಿ ಮಗಳು ಗೆಳತಿಯ ಮನೆಗೆ ಹೋದ ಮೇಲೆ ಯಜಮಾನರು ತಾವಾಗಿಯೇ ಬಂದು ಊಟದ ಮೇಜಿನ ಎದುರು ಕೂತರು.

“ಊರಿನವರನ್ನೆಲ್ಲಾ ಕೂರಿಸ್ಕೊಂಡು ಕೇಳ್ತೀಯ. ನನ್ನನ್ನ ಒಂದ್ಸಲನಾದ್ರೂ ಕೇಳಿದ್ಯಾ? ಕೇಳು ಈಗ.”

ಮೇಡಂ ಒಳಗೆ ಹೋಗಿ ಸಂದರ್ಶನದ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟರು. ಬೇರೆ ಹೆಂಡತಿಯಾಗಿದ್ದರೆ ಸಮಾಧಾನ ಮಾಡುತ್ತಿದ್ದಳೋ ಏನೋ.

“ನಿಮ್ಮ ಹುದ್ದೆ?”

“ನಿನಗೆ ಗೊತ್ತಿಲ್ವಾ?”

“ರೀ, ರೆಕಾರ್ಡ್ ಆಗ್ತಾ ಇದೆ. ಸರಿಯಾಗಿ ಹೇಳಿ.”

“ಉಪನಿರ್ದೇಶಕ, ನಕ್ಷೆ ಮಂಜೂರಾತಿ.”

“ನಿಯಮ ಮೀರಿದ ನಕ್ಷೆಗೆ ಸಹಿ ಹಾಕಿ ಅಂತ ಮೇಲಿನಿಂದ ಒತ್ತಡ ಬಂದಿದೆಯಾ?”

“ಸಂಬಂಧಪಟ್ಟವರು ಕಾಲಕಾಲಕ್ಕೆ ಸಲಹೆ ಕೊಡ್ತಿರ್ತಾರೆ.”

“ಆಗ ನೀವೇನು ಮಾಡ್ತೀರಾ?”

“ಸ್ಪಷ್ಟೀಕರಣ ಕೇಳ್ತೀನಿ.”

“ಸ್ಪಷ್ಟೀಕರಣ ಬಂದ ಮೇಲೆ?”

“ಆ ಸ್ಪಷ್ಟೀಕರಣಕ್ಕೆ ಸ್ಪಷ್ಟೀಕರಣ ಕೇಳ್ತೀನಿ. ಅಷ್ಟರಲ್ಲಿ ಕೆಲವರು ಸುಸ್ತಾಗ್ತಾರೆ. ಕೆಲವರ ಮಂತ್ರಿ ಮಾಜಿ ಆಗ್ತಾರೆ.”

“ಸುಸ್ತಾಗದೆ, ಇವತ್ತೇ ಸಹಿ ಆಗ್ಬೇಕು ಅಂತ ಕೂತ್ರೆ?”

ಯಜಮಾನರು ರೆಕಾರ್ಡರ್ ನೋಡಿದರು. “ಅದನ್ನ ಆಫ್ ಮಾಡು.”

ಮೇಡಂ ಆಫ್ ಮಾಡಿದರು.

“ಬೆನ್ನು ನೋಯುತ್ತೆ.”

“ಈಗಲಾ? ದಿಂಬು ತರ್ಲಾ?”

“ಈಗಲ್ಲ ಕಣೇ. ಅಂಥ ದಿನ. ಅಂಥ ದಿನ ಬೆನ್ನುನೋವು ಅಂತ ರಜೆ ಹಾಕ್ತೀನಿ. ನಾನಿಲ್ಲದಾಗ ಪ್ರಭಾರ ಸಹಾಯಕ ಎಂಜಿನಿಯರಿಗೆ ಹೋಗುತ್ತೆ. ಅವನು ಸಹಿ ಹಾಕ್ತಾನೆ. ಅವನಿಗೂ ಒಂದಿನ ಆ ಕುರ್ಚಿ ಬೇಕಲ್ಲ. ನಾನು ವಾಪಸ್ ಬರೋ ಹೊತ್ತಿಗೆ ಕಡತ ಇರಲ್ಲ.”

ಮೇಡಂ ಅವರ ಕಣ್ಣ ಮುಂದೆ ಆಡಳಿತ ಸುಳಿಯಲಿಲ್ಲ, ರಾಜಕೀಯ ಸುಳಿಯಲಿಲ್ಲ. ಮುಲಾಮಿನ ಡಬ್ಬಿಗಳು ಸುಳಿದವು. ಬಿಸಿನೀರಿನ ಚೀಲ ಸುಳಿಯಿತು. ತಜ್ಞರನ್ನು ಕಾಣಲೆಂದು ಬಸ್ಸಿನಲ್ಲಿ ನೂಕುನುಗ್ಗಲಿನಲ್ಲಿ ನಿಂತು ಹೋದದ್ದು, ಆ ತಜ್ಞರು ಎಕ್ಸ್‌ರೇ ಹಿಡಿದು ‘ಏನೂ ಕಾಣ್ತಿಲ್ಲವಲ್ಲ’ ಎಂದು ತಲೆ ಕೆರೆದುಕೊಂಡದ್ದು, ‘ಇವರಿಗೇನು ಗೊತ್ತು’ ಎಂದು ತಾವು ಆ ತಜ್ಞರನ್ನೇ ಬೈದುಕೊಂಡು ಬಂದದ್ದು ನೆನಪಾಯಿತು. ಇಷ್ಟು ವರ್ಷ ಅವರು ತಮ್ಮ ಎರಡು ಕೈಯಿಂದ ತಿಕ್ಕಿ ಶಾಖ ಕೊಟ್ಟದ್ದು ಒಂದು ಆಡಳಿತ ತಂತ್ರಕ್ಕೆ. ಅದನ್ನು ಹುಡುಕಿಕೊಂಡು ಊರೂರು ಅಲೆದದ್ದು ಬೇರೆ.

“ಹಾಗಾದ್ರೆ ಬೆನ್ನಿಗೆ ಅಂತ ತಂದ ಆ ಗಟ್ಟಿ ಹಾಸಿಗೆ?” ಎಂದು ಕೊನೆಗೆ ಕೇಳಿದರು.

“ಹಾಸಿಗೆ ಚೆನ್ನಾಗಿದೆ,” ಅಂದರು ಯಜಮಾನರು ತಗ್ಗಿದ ದನಿಯಲ್ಲಿ. “ನೋಡು, ನಾನು ಒಂದು ಕಾಸು ಮುಟ್ಟಿಲ್ಲ.”

“ಅದು ನನಗೆ ಗೊತ್ತು. ನಿಮ್ಮ ಸಹಿ ಎಲ್ಲೂ ಇಲ್ಲ, ಸರಿ. ಆದ್ರೆ ಕಟ್ಟಡಗಳು ಎದ್ದು ನಿಂತಿವೆಯಲ್ಲ, ಅವು ಯಾರ ಬೆನ್ನಿನ ಮೇಲೆ ನಿಂತಿವೆ?”

ಯಜಮಾನರು ಎದ್ದು ಹೋಗಿ ಆ ಚೆನ್ನಾಗಿರುವ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು.

ಇದಾದ ಸ್ವಲ್ಪ ದಿನಕ್ಕೆ ಮಂತ್ರಿಗಳ ಬಾಮೈದನ ಕಡತ ಬಂತು. ಪುಟ್ಟ ಮಕ್ಕಳ ಶಾಲೆಯ ಪಕ್ಕದಲ್ಲಿ ಅವನೊಂದು ಮಳಿಗೆಗಳ ಕಟ್ಟಡ ಎಬ್ಬಿಸುತ್ತಿದ್ದ. ಕೆಳಗೆಲ್ಲ ಅಂಗಡಿ; ಮೇಲಿನ ಎರಡು ಮಹಡಿಯಲ್ಲಿ ನೂರಾರು ವಿದ್ಯಾರ್ಥಿಗಳು ಕೂರುವ ಟ್ಯೂಷನ್ ಕೇಂದ್ರ. ಹಿಂಭಾಗದಲ್ಲಿ ಬೆಂಕಿ ಬಿದ್ದರೆ ಇಳಿಯಲು ಎರಡನೇ ಮೆಟ್ಟಿಲಿರಬೇಕಾದ ಜಾಗಕ್ಕೂ ಅಂಗಡಿಗಳನ್ನೇ ತುರುಕಿದ್ದ. ಸಹಿ ಅದೇ ದಿನ ಸಂಜೆಯೊಳಗೆ ಆಗಬೇಕೆಂದು ಮಂತ್ರಿಗಳ ಕಚೇರಿಯಿಂದ ಫೋನು.

ಯಜಮಾನರು ರೂಢಿಯಂತೆ ರಜೆಯ ಅರ್ಜಿ ಬರೆದು ನಿರ್ದೇಶಕರ ಕೋಣೆಗೆ ಹೋದರು. ನಿರ್ದೇಶಕರ ಮೇಜಿನ ಮೇಲೆ ಆಗಲೇ ಒಂದು ಅರ್ಜಿ ಇತ್ತು. ಸಹಾಯಕ ಎಂಜಿನಿಯರದು. ಪತ್ರಿಕೆಯ ಸುದ್ದಿ ಬಂದ ಮೇಲೆ ಅವನಿಗೂ ತನ್ನ ಸಹಿಯ ಮೇಲೆ ಮಮತೆ ಹುಟ್ಟಿತ್ತು. ಕಾರಣ: ತೀವ್ರ ಬೆನ್ನುನೋವು.

“ಒಂದೇ ದಿನ ಇಬ್ಬರಿಗೂ ಬೆನ್ನುನೋವು ಮಂಜೂರು ಮಾಡೋಕಾಗಲ್ಲ ಕಣ್ರೀ,” ಅಂದರು ನಿರ್ದೇಶಕರು, ಬಹಳ ನ್ಯಾಯವಂತರಂತೆ. “ಮೊದಲು ಬಂದ ಅರ್ಜಿಗೆ ಆದ್ಯತೆ.”

ಯಜಮಾನರು ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದರು. ಮೇಡಂ ಆಗಷ್ಟೇ ಪಾಠ ಮುಗಿಸಿ ಕಾರಿಡಾರಿನಲ್ಲಿ ಬರುತ್ತಿದ್ದರು. ಅಧಿಕಾರಿಯ ಆತ್ಮಸಾಕ್ಷಿ ಎಂಬ ವಿಷಯದ ಮೇಲೆಯೇ ಪಾಠ. ತರಗತಿಯಲ್ಲಿ ಅದಕ್ಕೆ ಬಹಳ ಸುಲಭದ ಉತ್ತರಗಳಿದ್ದವು.

“ಅವನು ನನಗಿಂತ ಮೊದಲೇ ನೋಯಿಸ್ಕೊಂಡುಬಿಟ್ಟಿದಾನೆ. ಈಗ ಏನ್ ಮಾಡ್ಲಿ?”

ಮೇಡಂ ಗೋಡೆಗೆ ಒರಗಿ ನಿಂತರು. ಮಗಳ ಕಾಲೇಜು ನೆನಪಾಯಿತು, ಅತ್ತೆಯ ವೈದ್ಯರು ನೆನಪಾದರು, ಮೃಗಾಲಯದ ಟಿಕೆಟ್ ವಿಭಾಗವೂ ನೆನಪಾಯಿತು. “ಆ ಮೆಟ್ಟಿಲು ಇಲ್ಲದಿದ್ರೆ ನಿಜವಾಗ್ಲೂ ಅಪಾಯನಾ?” ಎಂದು ಕೇಳಿದರು. ಇಲ್ಲ ಎಂಬ ಉತ್ತರ ಬರಲಿ ಎಂದು ಮನಸ್ಸು ಹಂಬಲಿಸುತ್ತಿತ್ತು.

“ಬೆಂಕಿ ಬಿದ್ರೆ ಮಕ್ಕಳು ಇಳಿಯೋದಕ್ಕೆ ಒಂದೇ ದಾರಿ. ಬೆಂಕಿ ಹತ್ತೋದಕ್ಕೂ ಅದೇ ದಾರಿ.”

“ಮತ್ತೆ ನನ್ನನ್ನ ಯಾಕೆ ಕೇಳ್ತಿದೀರಾ?” ಅಂದರು ಮೇಡಂ.

ಯಜಮಾನರು ಒಳಗೆ ಹೋಗಿ ‘ಎರಡನೇ ಮೆಟ್ಟಿಲಿಲ್ಲದ ಕಾರಣ ತಿರಸ್ಕರಿಸಲಾಗಿದೆ’ ಎಂದು ಬರೆದು ಸಹಿ ಮಾಡಿದರು. ಗುಮಾಸ್ತೆ ಕಡತ ಕೈಗೆತ್ತಿಕೊಂಡು ವಾಪಸ್ಸು ಬಂದಳು. “ಸಾರ್, ಇಲ್ಲೇನೋ ಪೆನ್ನು ಜಾರಿದೆ ಅನ್ಸುತ್ತೆ.” ಜಾರಿಲ್ಲವೆಂದು ತಿಳಿದ ಮೇಲೆ ತಿರಸ್ಕಾರದ ಮೊಹರು ಹುಡುಕಬೇಕಾಯಿತು. ಅದನ್ನು ಯಾರೋ ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದರು. ಅದನ್ನು ತೆಗೆದದ್ದೇ ತಡ, ಕಿಟಕಿ ದಿನವಿಡೀ ಬಡಿದುಕೊಂಡಿತು.

ಮನೆಯಲ್ಲಿ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ವರ್ಗಾವಣೆ ಆದೇಶಕ್ಕೆ ಕಾದರು. ಅತ್ತೆ ಅಟ್ಟದಿಂದ ದೊಡ್ಡ ಪೆಟ್ಟಿಗೆ ಇಳಿಸಿ ಬಿಸಿಲಿಗೆ ಇಟ್ಟರು. “ಚಳಿ ಊರಿಗೆ ಹಾಕ್ತಾರೋ ಸೆಕೆ ಊರಿಗೆ ಹಾಕ್ತಾರೋ, ಅದೊಂದು ಹೇಳಿಬಿಡ್ಲಿ. ಸ್ವೆಟರ್ ತೊಳೀಬೇಕಾ ಬೇಡ್ವಾ?” ಎಂದು ದಿನಕ್ಕೊಮ್ಮೆ ಸೊಸೆಯನ್ನು ಕೇಳುವರು. ಸೊಸೆ ಆ ವಿಷಯದ ತಜ್ಞೆಯಲ್ಲವೇ.

ತಜ್ಞೆಗೆ ನಿದ್ದೆ ಹತ್ತುತ್ತಿರಲಿಲ್ಲ. ಹೆಂಡತಿಯಾಗಿ ಅವರಿಗೆ ದಿಗಿಲು. ಆದರೆ ಅದೇ ಎದೆಯೊಳಗೆ ಇನ್ನೊಬ್ಬಳಿದ್ದಳು. ಅವಳು ಆದೇಶ ಯಾವತ್ತು ಬರುತ್ತೆ, ಯಾರ ಸಹಿ ಇರುತ್ತೆ, ಎಷ್ಟು ದೂರಕ್ಕೆ ಹಾಕುತ್ತಾರೆ ಎಂದು ಆಸಕ್ತಿಯಿಂದ ಕಾಯುತ್ತಿದ್ದಳು. ಒಂದು ಬೆಳಿಗ್ಗೆ ಟಪಾಲಿನವನ ಸೈಕಲ್ಲು ಮನೆ ದಾಟಿ ಮುಂದೆ ಹೋದಾಗ ತಮಗೆ ಆದದ್ದು ಸಮಾಧಾನವಲ್ಲ, ನಿರಾಸೆ ಎಂದು ಮೇಡಂಗೆ ಹೊಳೆಯಿತು. ಕೈಯಲ್ಲಿದ್ದ ಲೋಟ ಕೆಳಗಿಟ್ಟು ಒಳಗೆ ಹೋಗಿ ಒಬ್ಬರೇ ಕೂತರು. ಅಷ್ಟು ನಾಚಿಕೆ ಅವರಿಗೆ ಹಿಂದೆಂದೂ ಆಗಿರಲಿಲ್ಲ.

ಆದೇಶ ಬರಲೇ ಇಲ್ಲ. ಯಾಕೆಂದು ಗೊತ್ತಾದದ್ದು ವಿಶ್ವವಿದ್ಯಾಲಯದ ಹೊಸ ಸಭಾಂಗಣದ ಉದ್ಘಾಟನೆಗೆ ಮಂತ್ರಿಗಳು ಬಂದಾಗ. ಮೇಡಂ ಅವರನ್ನು ಒತ್ತಾಯ ಮಾಡಿ ವೇದಿಕೆಯ ಮೇಲೆ ಕೂರಿಸಿದ್ದರು.

“ನಮ್ಮ ಆಡಳಿತದಲ್ಲಿ ಪ್ರಾಮಾಣಿಕರಿಗೆ ಉಳಿಗಾಲ ಇಲ್ಲ ಅಂತ ಕೆಲವರು ಪುಸ್ತಕ ಬರೀತಾರೆ,” ಎಂದರು ಮಂತ್ರಿಗಳು, ಮೇಡಂ ಕಡೆ ತಿರುಗಿ ಅಕ್ಕರೆಯಿಂದ ನಕ್ಕು. “ಆದ್ರೆ ಈ ತಾಯಿಯವರ ಯಜಮಾನರನ್ನೇ ನೋಡಿ! ಮೊನ್ನೆ ನನ್ನ ಸ್ವಂತ ಬಾಮೈದನ ನಕ್ಷೆಯನ್ನೇ ತಿರಸ್ಕರಿಸಿದ್ರು. ನಾನು ಅವರನ್ನ ಮುಟ್ಟಿದ್ನಾ? ಮುಟ್ಟಲಿಲ್ಲ. ಮುಟ್ಟೋದೂ ಇಲ್ಲ. ಆ ಕುರ್ಚಿ ಅವರದ್ದೇ!”

ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಪಕ್ಕದಲ್ಲಿದ್ದ ಸಂಖ್ಯಾಶಾಸ್ತ್ರದ ಪ್ರೊಫೆಸರು ಬಾಗಿ ಕಿವಿಯಲ್ಲಿ, “ನಿಮ್ಮ ಸಿದ್ಧಾಂತಕ್ಕೆ ಒಂದು ಅಪವಾದ ಸಿಕ್ತು, ಅದೂ ಮನೇಲೇ. ಓಡಾಟದ ಖರ್ಚೂ ಇಲ್ಲ,” ಅಂದರು.

ಮರುವಾರ ಒಂದು ಆದೇಶ ಹೊರಬಿತ್ತು. ಅದರಲ್ಲಿ ಯಜಮಾನರ ಹೆಸರೇ ಇರಲಿಲ್ಲ. ಆಡಳಿತಾತ್ಮಕ ಹಿತದೃಷ್ಟಿಯಿಂದ, ತಕ್ಷಣ ಜಾರಿಗೆ ಬರುವಂತೆ, ಕಟ್ಟಡ ನಕ್ಷೆಗಳ ಮಂಜೂರಾತಿಯನ್ನು ಹೊಸದಾಗಿ ಹುಟ್ಟಿದ ‘ತ್ವರಿತ ಮಂಜೂರಾತಿ ಕೋಶ’ಕ್ಕೆ ವಹಿಸಲಾಗಿತ್ತು. ಮನುಷ್ಯ ಅಲ್ಲೇ ಇದ್ದ, ಕುರ್ಚಿ ಅಲ್ಲೇ ಇತ್ತು, ಕೆಲಸಕ್ಕೆ ವರ್ಗಾವಣೆಯಾಗಿತ್ತು. ಉಪನಿರ್ದೇಶಕರ ಪಾಲಿಗೆ ಉಳಿದದ್ದು ಕಾಂಪೌಂಡು ಗೋಡೆಗಳ ಮಂಜೂರಾತಿ. ಕೋಶದ ಮುಖ್ಯಸ್ಥರಾಗಿ ಸಹಾಯಕ ಎಂಜಿನಿಯರ್ ಅಧಿಕಾರ ವಹಿಸಿಕೊಂಡ. ಅವನ ಬೆನ್ನು ಪವಾಡ ಸದೃಶವಾಗಿ ಗುಣವಾಗಿತ್ತು.

ಯಜಮಾನರ ಕೋಣೆಗೆ ಜನ ಬರುವುದು ನಿಂತಿತು. ಕಾಂಪೌಂಡು ಕಟ್ಟಿಕೊಳ್ಳುವವರು ಯಾರೂ ಮಂಜೂರಾತಿ ಕೇಳುತ್ತಿರಲಿಲ್ಲ, ಹಿಂದೆಯೂ ಕೇಳಿರಲಿಲ್ಲ. ಯಜಮಾನರು ಬೆಳಿಗ್ಗೆ ಹೋಗಿ ಕನ್ನಡಕ ಒರೆಸಿ, ಪೆನ್ನಿಗೆ ಇಂಕು ತುಂಬಿ, ಸಂಜೆ ಅದೇ ಇಂಕಿನೊಂದಿಗೆ ಮನೆಗೆ ಬರುವರು. ಒಳಗೆ ಕೂಡಿಟ್ಟ ಅಧಿಕಾರವೆಲ್ಲ ಮನೆಯ ಮೇಲೆ ಹರಿಯತೊಡಗಿತು. ಮಗಳು ಕೋಣೆಯಲ್ಲಿ ಒಂದು ಕಪಾಟು ಹೊಡೆಸಬೇಕೆಂದರೆ ಅಳತೆ ಕೇಳಿದರು, ಅಳತೆ ಕೊಟ್ಟರೆ ಉದ್ದೇಶ ಕೇಳಿದರು.

“ಅಮ್ಮಾ, ಇವರನ್ನ ಎಲ್ಲಿಗಾದ್ರೂ ವರ್ಗ ಮಾಡಿಸು. ನಿನಗೆ ಎಲ್ಲರೂ ಗೊತ್ತಲ್ಲ,” ಎಂದು ಮಗಳು ಗೋಗರೆದಳು.

ಒಂದು ಸಂಜೆ ಮೇಡಂ ವಿಶ್ವವಿದ್ಯಾಲಯದಿಂದ ಬಂದಾಗ ಯಜಮಾನರು ಹೊರಗಿನ ಮೆಟ್ಟಿಲ ಮೇಲೆ ಬೂಟು ಬಿಚ್ಚದೆ ಕೂತಿದ್ದರು.

“ಒಂದೇ ಒಂದ್ಸಲ ಸರಿಯಾದ ಕೆಲಸ ಮಾಡಿದೆ. ಬೈದು ಓಡಿಸಿದ್ರೂ ಬೇಜಾರಿರ್ಲಿಲ್ಲ. ಶಾಲು ಹೊದಿಸಿ ಮೂಲೆಗೆ ಕೂರಿಸಿದಾರೆ. ಎದುರಿಗೆ ಸಿಕ್ಕವರೆಲ್ಲಾ, ‘ನಿಮಗೇನ್ ಸಾರ್, ಮಂತ್ರಿಗಳೇ ಹೊಗಳಿದಾರೆ’ ಅಂತಾರೆ. ಇದಕ್ಕೆ ನಿನ್ನ ಶಾಸ್ತ್ರದಲ್ಲಿ ಏನಂತಾರೆ?”

ಮೇಡಂ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತರು. ಬೀದಿಯಲ್ಲಿ ತಳ್ಳುಗಾಡಿಯವನು ಗಂಟಲು ಹರಿಯುವಂತೆ ಕೂಗುತ್ತ ಹೋದ. ಅವನು ದಾಟಿದ ಮೇಲೆ ಮೇಡಂ, “ಇಷ್ಟು ವರ್ಷ ನಿಮ್ಮ ಇಲಾಖೆನ ಪುಟದ ಕೆಳಗೆ ಬಚ್ಚಿಟ್ಟೆ. ನಿಮ್ಮನ್ನ ಕಾಪಾಡೋಕಲ್ಲ. ಉತ್ತರ ಏನು ಬರುತ್ತೋ ಅಂತ ನನಗೇ ಭಯ ಇತ್ತು,” ಅಂದರು.

“ನನಗೂ ಇತ್ತು,” ಅಂದರು ಯಜಮಾನರು. ಆಮೇಲೆ ಬಗ್ಗಿ ಬೂಟು ಬಿಚ್ಚಿದರು.

ಅದಾಗಿ ಕೆಲವು ತಿಂಗಳಿಗೆ ಮಂತ್ರಿಗಳ ಬಾಮೈದ ಸೀದಾ ಮನೆಗೇ ಬಂದ. ಕೋಶ ಅವನ ನಕ್ಷೆಯನ್ನು ತ್ವರಿತವಾಗಿ ಮಂಜೂರು ಮಾಡಿತ್ತು. ಆದರೆ ಸಾಲ ಕೊಡಬೇಕಾದ ಬ್ಯಾಂಕಿನ ವಕೀಲರು ಕಡತ ತರಿಸಿ ಓದಿದ್ದರು. ‘ಎರಡನೇ ಮೆಟ್ಟಿಲಿಲ್ಲದ ಕಾರಣ ತಿರಸ್ಕರಿಸಲಾಗಿದೆ’ ಎಂಬುದನ್ನು ನೋಡಿ, ನಾಳೆ ಏನಾದರೂ ಆದರೆ ಕೋರ್ಟಿನಲ್ಲಿ ನಿಲ್ಲುವವರು ನಾವು ಎಂದು ಕೈ ಎತ್ತಿದ್ದರು. ಕಟ್ಟಡ ಅರ್ಧಕ್ಕೆ ನಿಂತಿತ್ತು.

“ಸಾರ್, ನಿಮ್ಮ ಕಾಲಿಗೆ ಬೇಕಾದ್ರೂ ಬೀಳ್ತೀನಿ. ಆ ಒಂದು ಸಾಲು ವಾಪಸ್ ತಗೊಂಡುಬಿಡಿ.”

ಯಜಮಾನರು ಚಹಾ ಲೋಟ ಕೆಳಗಿಟ್ಟರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಕಳೆ ಬಂದದ್ದನ್ನು ಮೇಡಂ ಒಳಬಾಗಿಲಿನಿಂದ ನೋಡಿದರು.

“ತಗೊಳ್ತಿದ್ದೆ. ಆದ್ರೆ ನಕ್ಷೆ ವಿಷಯದಲ್ಲಿ ಬರೆಯೋ ಅಧಿಕಾರ ಈಗ ನನಗಿಲ್ವಲ್ಲ. ನಿಮ್ಮ ಭಾವನವರೇ ತೆಗೆದಿದಾರೆ. ಕೋಶದವರನ್ನ ಕೇಳಿ.”

“ಕೇಳ್ದೆ ಸಾರ್. ಬರೆದವರೇ ವಾಪಸ್ ತಗೋಬೇಕು, ಅದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತಾರೆ.”

“ಸರಿಯಾಗೇ ಹೇಳಿದಾರೆ.”

“ಹಾಗಾದ್ರೆ ಯಾರು ಸಾರ್ ತೆಗೀಬೇಕು?”

“ಅದು ಯಾರ ವ್ಯಾಪ್ತಿಗೂ ಬರಲ್ಲ. ನಿಮ್ಮದು ಕಾಂಪೌಂಡು ಗೋಡೆ ಏನಾದ್ರೂ ಇದ್ರೆ ಹೇಳಿ, ಇವತ್ತೇ ಮಾಡಿಕೊಡ್ತೀನಿ.”

ಬಾಮೈದ ಹಣೆ ಒರೆಸಿಕೊಂಡ. “ನಾನೀಗ ಏನ್ ಮಾಡ್ಲಿ?”

“ಮೆಟ್ಟಿಲು ಕಟ್ಟಿ,” ಅಂದರು ಯಜಮಾನರು. “ಮೆಟ್ಟಿಲಿದ್ರೆ ಆ ಸಾಲು ತಾನಾಗೇ ಸುಳ್ಳಾಗುತ್ತೆ.”

ಹಿಂಭಾಗದ ಅಂಗಡಿಗಳನ್ನು ಒಡೆದು ಕಬ್ಬಿಣದ ಮೆಟ್ಟಿಲು ನಿಲ್ಲಿಸಲಾಯಿತು. ನೋಡುವುದಕ್ಕೆ ಅದು ಕಟ್ಟಡಕ್ಕೆ ಯಾರೋ ಏಣಿ ಒರಗಿಸಿ ಮರೆತು ಹೋದಂತಿತ್ತು, ಆದರೆ ಗಟ್ಟಿಯಾಗಿತ್ತು. ಉದ್ಘಾಟನೆಯ ದಿನ ಮಂತ್ರಿಗಳು ಅದರ ಮೂರು ಮೆಟ್ಟಿಲು ಹತ್ತಿ ನಿಂತು, ಮಕ್ಕಳ ಸುರಕ್ಷತೆಯೇ ಈ ಸರ್ಕಾರದ ಉಸಿರು ಎಂದರು. ಯಜಮಾನರಿಗೆ ಆಮಂತ್ರಣ ಇರಲಿಲ್ಲ. ಅವರು ಹಿಂದಿನ ಭಾನುವಾರವೇ ಹೋಗಿ ಕೆಳಗಿನಿಂದ ಮೇಲಿನವರೆಗೆ ಹತ್ತಿ ಇಳಿದು, ಪಕ್ಕದ ಕಂಬಿಯನ್ನು ಅಲುಗಾಡಿಸಿ ನೋಡಿ ಬಂದಿದ್ದರು.

ಮೇಡಂ ಹೊಸ ಪ್ರಬಂಧ ಬರೆಯಲು ಕೂತರು. ಮನುಷ್ಯನನ್ನು ಎತ್ತದೆ ಅವನ ಕೆಳಗಿನ ಕೆಲಸವನ್ನು ಎತ್ತುವ ಈ ಹೊಸ ಜಾಣತನದ ಬಗ್ಗೆ. ಗಂಡನ ಕಥೆ ಹಾಕಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆಯಾಯಿತು.

“ಎಲ್ಲಾ ಹಾಕಮ್ಮಾ, ಮೆಟ್ಟಿಲಿನ ವಿಷ್ಯ ದಪ್ಪಕ್ಷರದಲ್ಲೇ ಹಾಕು,” ಎಂದರು ಅತ್ತೆ. “ಬೆನ್ನುನೋವಿನ ವಿಷ್ಯ ಮಾತ್ರ ಬೇಡ.”

“ಬೆನ್ನುನೋವು ಬಿಟ್ರೆ ಉಳಿದದ್ದು ಸುಳ್ಳಾಗುತ್ತೆ ಅಮ್ಮಾ,” ಅಂದರು ಯಜಮಾನರು. “ಹಾಕು. ಹಾಸಿಗೆ ಬೇಕಾದ್ರೆ ಬಿಡು.”

ಪ್ರಬಂಧ ವಿದ್ವತ್ ಪತ್ರಿಕೆಗೆ ಹೊರಟಿತು, ವಾಪಸ್ಸೂ ಬಂತು. ವಿಚಾರ ಚೆನ್ನಾಗಿದೆ, ಆದರೆ ಒಬ್ಬನೇ ಮನುಷ್ಯನ ಮೇಲೆ ಸಿದ್ಧಾಂತ ನಿಲ್ಲುವುದಿಲ್ಲ, ಇನ್ನಷ್ಟು ಜನರನ್ನು ಹುಡುಕಿ ಎಂದು ಪರಿಶೀಲಕರು ಬರೆದಿದ್ದರು. ಸರಿ, ರಜೆಯ ದಿನಗಳಲ್ಲಿ ಮೇಡಂ ಹುಡುಕಿಕೊಂಡು ಹೊರಟರು. ಜೊತೆಗೆ ಯಜಮಾನರೂ ಹೊರಟರು. ಕಚೇರಿಯಲ್ಲಿ ಹೇಗಿದ್ದರೂ ಅವರಿಗಾಗಿ ಯಾರೂ ಕಾಯುತ್ತಿರಲಿಲ್ಲ.

ಮೊದಲ ಸಲ ಹೋದದ್ದು ದೂರದ ಊರಿನ ಒಬ್ಬ ಹಿರಿಯ ಮಹಿಳಾ ಅಧಿಕಾರಿಯ ಬಳಿಗೆ. ನೀರಿನ ಗುಣಮಟ್ಟ ನೋಡುವ ಇಲಾಖೆ. ದೊಡ್ಡ ಕೋಣೆ, ದೊಡ್ಡ ಮೇಜು, ಮೇಜಿನ ಮೇಲೆ ಒಂದು ಕಾಗದದ ಚೂರೂ ಇಲ್ಲ. ಮೇಡಂ ತಮ್ಮ ಸಂಶೋಧನೆಯ ಉದ್ದೇಶ ವಿವರಿಸಿದರು. ಆಕೆ ಅರ್ಧ ನಗುತ್ತ, ನಮ್ಮಲ್ಲಿ ಅಂಥದ್ದೇನೂ ಇಲ್ಲ, ದಯವಿಟ್ಟು ಲಿಖಿತವಾಗಿ ಕೇಳಿ ಎಂದು ಗಡಿಯಾರ ನೋಡಿದರು. ಮೇಡಂ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಯಜಮಾನರು ಏಳಲಿಲ್ಲ. ಅವರು ಆ ನುಣುಪು ಮೇಜನ್ನೇ ನೋಡುತ್ತಿದ್ದರು.

“ನನಗೆ ಕಾಂಪೌಂಡು ಗೋಡೆ ಉಳಿಸಿದಾರೆ,” ಎಂದರು ಮೆಲ್ಲಗೆ. “ನಿಮಗೇನು ಉಳಿಸಿದಾರೆ ಮೇಡಂ?”

ಆಕೆ ಅವರ ಮುಖ ನೋಡಿದರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಮಳೆ ಅಳೆಯೋ ಡಬ್ಬಿ,” ಅಂದರು.